ವಂತಿಗೆ ಎತ್ತಿ ನಡೆಸಿದ ಸರ್ಕಾರ

ಗಣೇಶನ ಹಬ್ಬಕ್ಕೆ ಚಂದಾ ಎತ್ತಿದವರಿಗೆ ಈ ಕಷ್ಟ ಗೊತ್ತು. ರಸೀದಿ ಪುಸ್ತಕ ಹಿಡಿದು ಬಾಗಿಲು ತಟ್ಟಿದರೆ ಎಲ್ಲರೂ ‘ಈ ಸಲ ಜೋರಾಗಿ ಮಾಡ್ರಪ್ಪಾ’ ಅನ್ನುತ್ತಾರೆ. ದುಡ್ಡಿನ ಮಾತು ಎತ್ತಿದ ಕೂಡಲೇ ಯಜಮಾನರು ಮನೆಯಲ್ಲಿ ಇರುವುದಿಲ್ಲ. ಹೀಗೆ ಗಣಪನನ್ನು ಕೂರಿಸಬಹುದು. ದೇಶ ನಡೆಸೋಕಾಗುತ್ತಾ? ಅಮೆರಿಕದವರು ಎಂಟು ವರ್ಷ ನಡೆಸಿಯೇ ಬಿಟ್ಟರು, 1781ರಿಂದ 1789ರವರೆಗೆ.

ಈಗ ಜಗತ್ತಿಗೆಲ್ಲ ಸುಂಕ ಹಾಕಿ ಹೆದರಿಸುವ ದೇಶ ಅಲ್ವಾ ಅದು? ಆಗ ತನ್ನದೇ ಬಂದರಿಗೆ ಬರುವ ಸರಕಿನ ಮೇಲೆ ಶೇ 5 ಸುಂಕ ಹಾಕಲು ಹದಿಮೂರು ರಾಜ್ಯಗಳ ಕಾಲು ಹಿಡಿಯಬೇಕಿತ್ತು. 1782ರಲ್ಲಿ ಎಲ್ಲಕ್ಕಿಂತ ಚಿಕ್ಕ ರೋಡ್ ಐಲೆಂಡ್ ಒಲ್ಲೆ ಅಂದಿತು. ಅಲ್ಲಿಗೆ ಕಥೆ ಮುಗೀತು. ಮತ್ತೊಂದು ಸಲ ಕೇಳಿದಾಗ ನ್ಯೂಯಾರ್ಕ್ ಕೊಕ್ಕೆ ಹಾಕಿತು. ನಿಯಮ ಬದಲಾಗಬೇಕಾದರೆ ಹದಿಮೂರೂ ತಲೆಯಾಡಿಸಬೇಕು ಅಂತ ಬರೆದುಕೊಂಡವರು ಅವರೇ.

ಲಂಡನ್ನಿನವರು ನಮ್ಮನ್ನು ಕೇಳದೆ ತೆರಿಗೆ ಹಾಕಿದರು ಅಂತ ಬಂದೂಕು ಎತ್ತಿದ ಜನ ಅವರು. ತೆನಾಲಿ ರಾಮನ ಬೆಕ್ಕಿನ ಹಾಗೆ ಆಮೇಲೆ ಹಾಲು ಕಂಡರೇ ಓಟ. ಸ್ವಂತ ಸರ್ಕಾರಕ್ಕೂ ತೆರಿಗೆಯ ಅಧಿಕಾರ ಕೊಡಲಿಲ್ಲ. ರಾಜ ಬೇಡ ಅಂದವರು ಆಡಳಿತ ನಡೆಸಲು ಬೇರೆ ಯಾರನ್ನೂ ಇಡಲಿಲ್ಲ. ಇದ್ದದ್ದು ಕಾಂಗ್ರೆಸ್ ಎಂಬ ಒಂದು ಸಭೆ (ನಮ್ಮದಲ್ಲ, ಅವರದು). ರಾಜ್ಯಕ್ಕೊಂದು ಓಟು. ಈ ಏರ್ಪಾಡನ್ನು ಅವರ ಒಪ್ಪಂದವೇ ‘ಗಟ್ಟಿ ಸ್ನೇಹಕೂಟ’ ಅಂತ ಕರೆದಿತ್ತು. ದುಡ್ಡು ಬೇಕೆಂದರೆ ರಾಜ್ಯಗಳಿಗೆ ಕಾಗದ ಬರೆದು ಕಾಯಬೇಕು. ಇದು ಸತ್ತವರಿಗೆ ಉಪದೇಶ ಮಾಡಿದ ಹಾಗೆ ಎಂದು ಖಜಾನೆ ನೋಡಿಕೊಳ್ಳುತ್ತಿದ್ದ ರಾಬರ್ಟ್ ಮಾರಿಸ್ ಗೊಣಗಿದ.

1783ನ್ನಂತೂ ಹತ್ತಿರ ಹೋಗಿ ನೋಡಬೇಕು. ಜೂನ್ 21, ಫಿಲಡೆಲ್ಫಿಯಾ. ಸಂಬಳ ಸಿಗದ ಸುಮಾರು 400 ಸೈನಿಕರು ಸ್ಟೇಟ್ ಹೌಸ್ ಸುತ್ತುವರಿದರು. ಕೆಳಗೆ ಕಾಂಗ್ರೆಸ್ಸು, ಮಹಡಿಯ ಮೇಲೆ ಪೆನ್ಸಿಲ್ವೇನಿಯಾ ರಾಜ್ಯ ಸರ್ಕಾರ. ಸೈನಿಕರು ಬೇಡಿಕೆ ಕಳಿಸಿದ್ದು ಮಹಡಿಗೆ! ದುಡ್ಡು ಹುಟ್ಟುವ ಜಾಗ ಯಾವುದು ಅಂತ ಅವರಿಗೂ ಗೊತ್ತಿತ್ತು. ಅಷ್ಟರಲ್ಲಿ ಪಕ್ಕದ ಹೆಂಡದಂಗಡಿಗಳಿಂದ ಧಾರಾಳವಾಗಿ ಸರಬರಾಜು ಶುರುವಾಯಿತು. ಕಾಂಗ್ರೆಸ್ಸಿನ ಕಿಟಕಿಗಳತ್ತ ಬಂದೂಕು ತಿರುಗಿದವು, ಬೈಗುಳವೂ ಬಂತು. ನಿಮ್ಮ ಪಡೆ ಕರೆಸಿ ಸ್ವಾಮಿ ಎಂದು ಒಳಗಿದ್ದವರು ರಾಜ್ಯದ ಮುಖ್ಯಸ್ಥ ಜಾನ್ ಡಿಕಿನ್ಸನ್‌ನನ್ನು ಬೇಡಿಕೊಂಡರು. ಆತ ಆಗಲ್ಲ ಅಂದ. ಇಂಥ ಹಲ್ಲಿಲ್ಲದ ಒಕ್ಕೂಟದ ಮೊದಲ ಕರಡು ಬರೆದವನು ಯಾರು ಗೊತ್ತಾ? ಇದೇ ಡಿಕಿನ್ಸನ್.

ಇಡೀ ದೇಶದ ಸರ್ಕಾರ ಗಂಟುಮೂಟೆ ಕಟ್ಟಿಕೊಂಡು ಪ್ರಿನ್ಸ್‌ಟನ್‌ಗೆ ಓಡಿತು. ಅಲ್ಲಿ ಕಾಲೇಜು ಕಟ್ಟಡದಲ್ಲಿ ಬಿಡಾರ. ಸೈನಿಕರ ಸಂಬಳದ ಗತಿ ಏನು ಅಂತೀರಾ? ಆಗಸ್ಟ್‌ನಲ್ಲಿ ಒಂದು ಘನ ತೀರ್ಮಾನ ಆಯಿತು: ಜಾರ್ಜ್ ವಾಷಿಂಗ್ಟನ್‌ಗೆ ಕಂಚಿನ ಪ್ರತಿಮೆ. ಕುದುರೆ ಸಮೇತ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ. ಅಕ್ಟೋಬರ್‌ನಲ್ಲಿ ಇನ್ನೂ ಮುಂದೆ ಹೋದರು. ರಾಜಧಾನಿ ಎಲ್ಲಿರಬೇಕು ಅನ್ನೋ ಜಗಳ ಬಗೆಹರಿಯಲಿಲ್ಲ, ಹಾಗಾಗಿ ಎರಡು ರಾಜಧಾನಿ ಅಂತ ಠರಾವು ಪಾಸ್! ಒಂದು ಡೆಲವೇರ್ ನದಿಯ ಹತ್ತಿರ, ಇನ್ನೊಂದು ಪೊಟೋಮ್ಯಾಕ್ ಹತ್ತಿರ. ಬಾಡಿಗೆ ಮನೆಯಿಂದ ಓಡಿಬಂದವರು ಎರಡು ಸೈಟಿಗೆ ನಕ್ಷೆ ಬರೆಸಿದ ಹಾಗೆ. ಅವರ ಕಾಲದಲ್ಲಿ ಕುದುರೆಯೂ ಏಳಲಿಲ್ಲ, ರಾಜಧಾನಿಯೂ ಏಳಲಿಲ್ಲ.

ಬ್ರಿಟನ್ ಜೊತೆಗಿನ ಶಾಂತಿ ಒಪ್ಪಂದದ ಕಥೆಯೂ ಇಂಥದ್ದೇ. ಯುದ್ಧ ಗೆದ್ದಾಗಿದೆ, ಸಹಿ ಬಿದ್ದಿದೆ. ಆರು ತಿಂಗಳೊಳಗೆ ಒಂಬತ್ತು ರಾಜ್ಯಗಳು ಒಪ್ಪಿ ಪ್ಯಾರಿಸ್‌ಗೆ ಕಳಿಸಬೇಕು. ಅಷ್ಟು ಹೊತ್ತಿಗೆ ಅನಾಪೊಲಿಸ್‌ಗೆ ಬಿಡಾರ ಬದಲಿಸಿದ್ದ ಸಭೆಗೆ ಬಂದಿದ್ದು ಏಳೇ ರಾಜ್ಯಗಳವರು. ಚಳಿಗಾಲ ಬೇರೆ. ಸೌತ್ ಕೆರೊಲಿನಾದ ಬೆರೆಸ್‌ಫರ್ಡ್ ಫಿಲಡೆಲ್ಫಿಯಾದಲ್ಲಿ ಕಾಯಿಲೆ ಮಲಗಿದ್ದ. ನಾವೇ ಹೋಗಿ ಅವನ ಹಾಸಿಗೆ ಪಕ್ಕ ಸಭೆ ಸೇರೋಣ ಎಂಬ ಸಲಹೆಯೂ ಬಂತು! ಕೊನೆಗೆ ಅವನೇ ಎದ್ದು ಬಂದ. 1784ರ ಜನವರಿ 14ಕ್ಕೆ ಕೆಲಸ ಮುಗೀತು. ಕಾಗದ ಹಡಗು ಹತ್ತಿ ಗಡುವು ದಾಟಿಯೇ ತಲುಪಿತು. ಸೋತವರು ದೊಡ್ಡ ಮನಸ್ಸು ಮಾಡಿ ಸುಮ್ಮನಾದರು. ಅದೇ ಜನವರಿಯಲ್ಲಿ ವಾಷಿಂಗ್ಟನ್ ಒಂದು ಪತ್ರದಲ್ಲಿ, ಅರೆಹೊಟ್ಟೆಯ ಕುಂಟು ಸರ್ಕಾರ, ಊರುಗೋಲಿನ ಮೇಲೆ ನಡೆಯುತ್ತೆ, ಹೆಜ್ಜೆಗೊಮ್ಮೆ ಮುಗ್ಗರಿಸುತ್ತೆ ಎಂದು ಬರೆದ. ಕುದುರೆ ಕೊಡ್ತೀವಿ ಅಂದವರ ಬಗ್ಗೆ!

ಒಂದೇ ಒಂದು ಸಲ ಮಾತ್ರ ವಂತಿಗೆ ಸಲೀಸಾಗಿ ಎದ್ದಿತು. 1786ರಲ್ಲಿ ಮ್ಯಾಸಚುಸೆಟ್ಸ್‌ನ ಸಾಲಗಾರ ರೈತರು ಡೇನಿಯಲ್ ಶೇಸ್ ಜೊತೆ ದಂಗೆ ಎದ್ದರು. ಕಾಂಗ್ರೆಸ್ ಜೇಬು ತಡಕಿತು, ಖಾಲಿ. ಬಾಸ್ಟನ್ನಿನ ಸಾಹುಕಾರರು ಕೈಯಿಂದ ದುಡ್ಡು ಹಾಕಿ ಪಡೆ ಕಟ್ಟಿಸಿದರು. ಸಾಲ ಬರಬೇಕಾದದ್ದು ಅವರಿಗೆ ತಾನೆ!

ಆಮೇಲೆ ಎಲ್ಲರಿಗೂ ಬಿಸಿ ತಟ್ಟಿತು. ನಿಯಮಗಳನ್ನು ಸರಿಮಾಡೋಣ ಬನ್ನಿ ಅಂತ 1787ರಲ್ಲಿ ಅದೇ ಫಿಲಡೆಲ್ಫಿಯಾದ ಅದೇ ಕಟ್ಟಡದಲ್ಲಿ ಸಭೆ ಕರೆದರು. ಹನ್ನೆರಡು ರಾಜ್ಯಗಳವರು ಬಂದರು. ರೋಡ್ ಐಲೆಂಡಿನಿಂದ ಯಾರೂ ಬರಲಿಲ್ಲ. ಯಜಮಾನರು ಮನೆಯಲ್ಲಿರಲಿಲ್ಲ ಅಂತ ಕಾಣುತ್ತೆ.