ಈಜು ಬಾರದ ಓಟಗಾರ

ನಲವತ್ತು ದಾಟಿದವರು ವಿಡಿಯೋ ಗೇಮ್ ಆಡಬಾರದು ಅಂತ ಯಾವ ಡಾಕ್ಟರೂ ನನಗೆ ಹೇಳಿಲ್ಲ. ಅದೇ ಧೈರ್ಯದಲ್ಲಿ ಟಿವಿಗೆ ಜೋಡಿಸಿ ಆಡುವ ಹಳೆಯ ಗೇಮ್ ಪೆಟ್ಟಿಗೆ ಮೆಗಾ ಡ್ರೈವ್ ಹೊರಗೆ ತೆಗೆದು, ಧೂಳು ಒರೆಸಿ, 1991ರ ಸೋನಿಕ್ ಆಟವನ್ನು ಹಾಕಿದೆ. ಪಕ್ಕದಲ್ಲಿ ಅಣ್ಣನ ಮಗ ಕೂತಿದ್ದ. ಅವನ ಮುಂದೆ ಸ್ವಲ್ಪ ಕೈಚಳಕ ತೋರಿಸುವ ಆಸೆ ನನಗೆ.

ಸೋನಿಕ್ ಅಂದರೆ ನೀಲಿ ಬಣ್ಣದ ಹೆಡ್ಜ್‌ಹಾಗ್. ದೂರದಿಂದ ನೋಡಿದರೆ ಕೆಂಪು ಶೂ ಹಾಕಿಕೊಂಡ ಮುಳ್ಳುಹಂದಿ ಮರಿ ಅನ್ನಬಹುದು. ಆಡಲು ಮೂರು ಬಟನ್‌ಗಳಿವೆ. ಮೂರರ ಕೆಲಸವೂ ಒಂದೇ, ಜಿಗಿಯುವುದು! ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಮೊದಲನೆಯ ಗ್ರೀನ್ ಹಿಲ್ ಹಂತವಂತೂ ಹಬ್ಬ. ಇಳಿಜಾರು ಸಿಕ್ಕರೆ ಬಾಣದ ಹಾಗೆ ಓಡುತ್ತಾನೆ, ಸುರುಳಿ ದಾರಿಯಲ್ಲಿ ತಲೆಕೆಳಗಾಗಿಯೂ ಓಡುತ್ತಾನೆ. ಹುಡುಗ ಬಾಯಿ ಬಿಟ್ಟು ನೋಡುತ್ತಿದ್ದ. ನಾನು ಎದೆಯುಬ್ಬಿಸಿದೆ. ನೇರ ಹೋಗಿ ಮುಳ್ಳಿನ ಮೇಲೆ ಬಿದ್ದೆ.

ಈ ಆಟದ ಗುಣವೂ ದೋಷವೂ ಇದೇ. 'ಓಡು ಓಡು' ಅನ್ನುತ್ತದೆ, ಓಡಿದರೆ ಕಾಲು ಕೊಟ್ಟು ಬೀಳಿಸುತ್ತದೆ.

ದಾರಿಯುದ್ದಕ್ಕೂ ಉಂಗುರಗಳು ಸಿಗುತ್ತವೆ. ಕೈಯಲ್ಲಿ ಒಂದೇ ಒಂದು ಉಂಗುರ ಇದ್ದರೂ ಪೆಟ್ಟು ಬಿದ್ದಾಗ ಪ್ರಾಣ ಉಳಿಯುತ್ತದೆ. ಬಹಳ ಉದಾರ ನಿಯಮ, ಅಲ್ವಾ? ನೂರು ಕೂಡಿಸಿದರೆ ಒಂದು ಲೈಫ್ ಜಾಸ್ತಿ. ನಾನು 98 ಕೂಡಿಸಿದ್ದೆ. ಬಿದ್ದ ಕೂಡಲೇ ಎಲ್ಲ ಹೋಯಿತು. ಮತ್ತೆ ಹೆಕ್ಕಿಕೊಳ್ಳಲು ಸುತ್ತ ಚೆಲ್ಲುವುದು ಹೆಚ್ಚೆಂದರೆ 32, ಮಿಕ್ಕಿದ್ದು ಗಾಳಿಗೆ. ಪೆಟ್ಟು ಬಿದ್ದವನಿಗೆ ಒಂದೆರಡು ಕ್ಷಣ ಯಾರೂ ಏನೂ ಮಾಡುವಂತಿಲ್ಲ, ಮುಳ್ಳುಗಳು ಮಾತ್ರ ಆ ಮರ್ಯಾದೆ ಇಟ್ಟುಕೊಂಡಿಲ್ಲ. ಪುಟಿದು ಮತ್ತೆ ಮುಳ್ಳಿನ ಮೇಲೇ ಬಿದ್ದರೆ ಕಥೆ ಮುಗಿಯಿತು. ಮುಗಿಯಿತು.

ಎರಡನೆಯ ಹಂತ ಮಾರ್ಬಲ್. ಇಲ್ಲಿ ಈ ಮಹಾ ಓಟಗಾರ ಕುದಿಯುವ ಲಾವಾ ಮೇಲೆ ತೇಲುವ ಕಲ್ಲಿನ ಮೇಲೆ ನಿಂತು, ಬಸ್ಸಿನಲ್ಲಿ ಸೀಟು ಸಿಗದವನ ಹಾಗೆ ನಿಧಾನಕ್ಕೆ ಪ್ರಯಾಣ ಮಾಡಬೇಕು. ಸುಮ್ನೆ ನಿಲ್ಲಿಸಿದರೆ ಅವನು ನಮ್ಮ ಕಡೆ ತಿರುಗಿ, ಕಾಲು ಕುಟ್ಟುತ್ತಾ ದುರುಗುಟ್ಟುತ್ತಾನೆ.

"ಚಿಕ್ಕಪ್ಪ, ಅವನು ನಿಮ್ಮನ್ನೇ ನೋಡ್ತಿದ್ದಾನೆ."

"ಗೊತ್ತು, ಸುಮ್ನಿರೋ."

ನಿಂತಲ್ಲೇ ಗಿರಗಿರ ತಿರುಗಿ ನುಗ್ಗುವ ವಿದ್ಯೆಯೂ ಇವನಿಗೆ ಇನ್ನೂ ಬಂದಿಲ್ಲ. ಅದು ಬಂದಿದ್ದು 1992ರ ಎರಡನೆಯ ಆಟದಲ್ಲಿ. ಇಲ್ಲಿ ಏರಿನ ಬುಡದಲ್ಲಿ ನಿಂತುಹೋದರೆ ಹಿಂದಕ್ಕೆ ಹೋಗಿ, ಓಡಿ ಬಂದು ಹತ್ತಬೇಕು, ಸ್ಟಾರ್ಟ್ ಆಗದ ಸ್ಕೂಟರ್ ಹಾಗೆ.

ನಾಲ್ಕನೆಯದು ಲ್ಯಾಬಿರಿಂತ್. ಪೂರ್ತಿ ನೀರು. ಸೋನಿಕ್‌ಗೆ ಈಜು ಬರುವುದಿಲ್ಲ. ಹೆಡ್ಜ್‌ಹಾಗ್‌ಗಳು ನಿಜವಾಗಿ ಚೆನ್ನಾಗಿಯೇ ಈಜುತ್ತವೆ, ಆದರೆ ಆ ಸುದ್ದಿ ಇವನಿಗೆ ತಲುಪಿಲ್ಲ. ನೀರಿನಡಿ ಉಸಿರಾಡಲು ತಳದಲ್ಲಿ ಏಳುವ ದೊಡ್ಡ ಗುಳ್ಳೆಗಾಗಿ ಕಾಯಬೇಕು. ಅದು ಬರುವುದೇ ತಡ. ಅಷ್ಟರಲ್ಲಿ ಐದು, ನಾಲ್ಕು, ಮೂರು ಅಂತ ಎಣಿಕೆ ಶುರು. ಜೊತೆಗೊಂದು ಸಂಗೀತ ಬರುತ್ತದೆ ನೋಡಿ, ಕೇಳುತ್ತಾ ಕೇಳುತ್ತಾ ಬಿಪಿ ಏರುತ್ತದೆ. ಗೊತ್ತಿಲ್ಲದೆಯೇ ನಾನೂ ಉಸಿರು ಬಿಗಿಹಿಡಿದಿದ್ದೆ. ಸೋನಿಕ್ ಮುಳುಗಿದ, ನಾನು ಕೆಮ್ಮಿದೆ. ಒಳಗಿಂದ ಅಮ್ಮ ಓಡಿ ಬಂದರು.

"ಏನಾಯ್ತೋ?"

"ನೀರಲ್ಲಿ ಉಸಿರು ಕಟ್ಟಿತಮ್ಮ."

"ಈಜು ಬರದಿದ್ರೆ ನೀರಿಗ್ಯಾಕೆ ಇಳೀತೀಯ?"

ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಕೇಳಿಲ್ಲ.

ಹೇಗೋ ದಾಟಿ ಸ್ಟಾರ್ ಲೈಟ್ ತಲುಪಿದೆ. ಆಟ ಸೇವ್ ಮಾಡುವ ಹಾಗಿಲ್ಲ. ಅದಕ್ಕೇ ಹಾಗೇ ನಿಲ್ಲಿಸಿ ಊಟಕ್ಕೆ ಹೋದೆ. ಬಂದು ನೋಡಿದರೆ ಪರದೆ ಕಪ್ಪು.

"ಯಾರೂ ಇಲ್ದೆ ಉರೀತಿತ್ತು, ನಾನೇ ಆಫ್ ಮಾಡ್ದೆ" ಅಂದರು ಅಮ್ಮ. ಒಂದು ಒಳ್ಳೆ ಕೆಲಸ ಮಾಡಿದ ಸಮಾಧಾನ ಅವರ ಮುಖದಲ್ಲಿತ್ತು.

ಮುಂದಿನ ಭಾನುವಾರ ಮತ್ತೆ ಮೊದಲಿಂದ. ಕೊನೆಯ ಹಂತದ ಮೂರನೆಯ ಭಾಗದಲ್ಲಿ ಮತ್ತೆ ನೀರು! ಅದನ್ನೂ ದಾಟಿ, ಸೋನಿಕ್‌ನ ವೈರಿಯಾದ ಆ ದಪ್ಪ ಮೀಸೆಯ ವಿಜ್ಞಾನಿಯನ್ನು ಸೋಲಿಸಿದೆ. ಆಟದಲ್ಲಿ ಒಟ್ಟು ಆರು ರತ್ನ, ಅವನ್ನು ತಲೆ ತಿರುಗಿಸುವ ಬೇರೆ ಹಂತಗಳಲ್ಲಿ ಗೆಲ್ಲಬೇಕು. ನನಗೆ ಸಿಕ್ಕಿದ್ದು ಎರಡು. ಎಲ್ಲ ಮುಗಿದ ಮೇಲೆ ಅದೇ ವಿಜ್ಞಾನಿ ಬಂದು, ಉಳಿದ ನಾಲ್ಕನ್ನೂ ಗಾಳಿಗೆ ಎಸೆದು ಹಿಡಿಯುತ್ತಾ ನಿಂತ. ಪಕ್ಕದಲ್ಲಿ 'ಟ್ರೈ ಅಗೇನ್' ಅಂತ ಬರೆದಿತ್ತು.

"ಈಗ ಆಫ್ ಮಾಡ್ಲಾ?" ಅಮ್ಮ ಈ ಸಲ ಕೇಳಿದರು.

"ಮಾಡಮ್ಮ."