ನಿಂಗೆನ್ ಬಂದರೆ ನಿಂಗೇನು?

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಚೀಲದ ಬಾಯಿ ಬಿಚ್ಚದೆ ಯಾರೂ ದರ ಹೇಳುವುದಿಲ್ಲ. ತಳದವರೆಗೆ ಕೈ ಹಾಕಿ ಒಂದು ಹಿಡಿ ತೆಗೆಯಬೇಕು, ಒಂದೆರಡನ್ನು ಕತ್ತರಿಸಿ ಒಳಗಿನ ಬಣ್ಣ ನೋಡಬೇಕು, ರಾಶಿಯೋ ಬೆಟ್ಟೆಯೋ ಎಂದು ದರ್ಜೆ ತೀರ್ಮಾನವಾಗಬೇಕು. ಮೇಲೆ ಉತ್ತಮ ದರ್ಜೆಯ 'ಸರಕು' ಹರಡಿ ಕೆಳಗೆ ಕಳಪೆ 'ಗೊರಬಲು' ತುಂಬಿ ತಂದವನ ಮಾನ ಅಲ್ಲೇ ಹರಾಜು. ಅದೇ ಕೈ ಮಧ್ಯಾಹ್ನ ಉಂಡು ಮೊಬೈಲ್ ಹಿಡಿದರೆ ಸಾಕು, ಅಂಟಾರ್ಕ್ಟಿಕಾದ ನರತಿಮಿಂಗಿಲವನ್ನು ಚೀಲ ಬಿಚ್ಚದೆ ಕೊಂಡು ಏಳು ಗ್ರೂಪಿಗೆ ಹಂಚಿಬಿಡುತ್ತದೆ.

ಪ್ರಾಣಿಯ ಹೆಸರು ನಿಂಗೆನ್. ಜಪಾನಿ ಭಾಷೆಯಲ್ಲಿ ಅದಕ್ಕೆ 'ಮನುಷ್ಯ' ಎಂದಷ್ಟೇ ಅರ್ಥ. ನಮ್ಮ ಕಡೆ ಕೇಳಿಸುವುದು ಬೇರೆ. "ಇದಕ್ಕೆ ಆಧಾರ ಎಂತ ಮಾರಾಯ?" ಎಂದು ಗ್ರೂಪಿನಲ್ಲಿ ಕೇಳಿ ನೋಡಿ, ಬರುವ ಉತ್ತರವೂ ಪ್ರಾಣಿಯ ಹೆಸರೇ: "ನಿಂಗೇನು?"

ಜಾತಕ ಇಷ್ಟೇ. ಸುಮಾರು 20 ವರ್ಷದ ಹಿಂದೆ ಜಪಾನಿನ ಅನಾಮಧೇಯ ಹರಟೆಕಟ್ಟೆಯೊಂದರಲ್ಲಿ ಹುಟ್ಟಿತು. ತಿಮಿಂಗಿಲ ಸಂಶೋಧನೆಗೆ ಹೋದ ಸರ್ಕಾರಿ ಹಡಗಿನವರು ನೋಡಿದರಂತೆ. 20ರಿಂದ 30 ಮೀಟರ್ ಉದ್ದ, ಮೈಯೆಲ್ಲ ಬಿಳಿ, ಐದು ಬೆರಳಿನ ಕೈ, ಮುಖದಲ್ಲಿ ಕಣ್ಣು ಮತ್ತು ಸೀಳುಬಾಯಿ ಮಾತ್ರ. 2007ರಲ್ಲಿ ವಿಚಿತ್ರ ಸಂಗತಿಗಳ ಜಪಾನಿ ಮಾಸಪತ್ರಿಕೆಯೊಂದು ಅಚ್ಚು ಹಾಕಿತು, ಗೂಗಲ್ ಅರ್ಥ್‌ನಲ್ಲಿ ನಮೀಬಿಯಾ ಕರಾವಳಿಯ ಬಿಳಿ ಮಚ್ಚೆಯೊಂದು ಸಾಕ್ಷಿಗೆ ನಿಂತಿತು. 30 ಮೀಟರ್ ಎಂದರೆ ನಮ್ಮ ಸಾಗರ ಪೇಟೆಯ ಬಸ್ಸು ಎರಡೂವರೆ ಸಾಲಾಗಿ ನಿಂತಷ್ಟು. ನೀಲಿ ತಿಮಿಂಗಿಲವೂ ಸುಮಾರು ಅಷ್ಟೇ ಉದ್ದ ಬೆಳೆಯುತ್ತದೆ. ಪಾಪ, ಅದಕ್ಕೆ ಬೆರಳಿಲ್ಲ, ಹಾಗಾಗಿ ಫಾರ್ವರ್ಡ್ ಭಾಗ್ಯವಿಲ್ಲ. ಇನ್ನೊಂದು ಸಣ್ಣ ತಕರಾರು: ಇದು ಕಾಣಿಸುವುದು ಹೆಚ್ಚಾಗಿ ರಾತ್ರಿಯಂತೆ. ಡಿಸೆಂಬರ್ ಕೊನೆಯಲ್ಲಿ ದಕ್ಷಿಣ ಮೇರುವೃತ್ತದಾಚೆ ಸೂರ್ಯ ಮುಳುಗುವುದೇ ಇಲ್ಲ. ಆ ರಾತ್ರಿಯನ್ನು ಎಲ್ಲಿಂದ ಬಾಡಿಗೆಗೆ ತಂದರೋ!

ಆಮದು ಮಾಲಿನ ಹಂಗೇಕೆ? ತೀರ್ಥಹಳ್ಳಿ ಕಡೆಯ ಯಾವುದೇ ತೋಟದ ಕೃಷಿಹೊಂಡದಲ್ಲಿ ದೇಶಿ ನಿಂಗೆನ್ ತಯಾರಿಸಬಹುದು. ಅಳತೆಯನ್ನು 25ಕ್ಕೆ ಒಂದರಂತೆ ಇಳಿಸಿ. 30 ಮೀಟರಿನ ಭೂತ 1.2 ಮೀಟರಿಗೆ, ಅಂದರೆ ನಾಲ್ಕಡಿಗೆ ಬರುತ್ತದೆ. ಮೈಗೆ ಥರ್ಮಾಕೋಲ್, ಮೇಲೆ ಬಿಳಿ ಗೊಬ್ಬರದ ಚೀಲ. ಚೀಲವನ್ನು ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ ಹೊಲಿಯಬೇಕು. ಮರೆತರೆ ಧ್ರುವಸಾಗರದ ರಹಸ್ಯಜೀವಿಯ ಬೆನ್ನಮೇಲೆ 'ನಿವ್ವಳ ತೂಕ 45 ಕೆಜಿ' ಎಂದು ಓದಿಸಿಕೊಳ್ಳುತ್ತದೆ. ಬರೀ ಥರ್ಮಾಕೋಲ್ ಬಾತುಕೋಳಿಯಂತೆ ನೀರಿನ ಮೇಲೇ ಕೂರುತ್ತದೆ. ಹೊಟ್ಟೆಗೆ ಒದ್ದೆ ಮರಳಿನ ಪೊಟ್ಟಣ ಒಂದೊಂದಾಗಿ ಸೇರಿಸುತ್ತ ಹೋಗಿ, ಹತ್ತರಲ್ಲಿ ಒಂದು ಪಾಲು ಮಾತ್ರ ಮೇಲೆ ಉಳಿದಾಗ ನಿಲ್ಲಿಸಿ. ನಿಜವಾದ ಹಿಮಬಂಡೆ ತೇಲುವುದೂ ಹೆಚ್ಚುಕಡಿಮೆ ಹಾಗೆಯೇ.

ಕೈಗೆ ಅಡಿಕೆ ಹಾಳೆಗಿಂತ ಒಳ್ಳೆಯದಿಲ್ಲ. ರಾತ್ರಿ ನೆನೆಹಾಕಿ ಬೆಳಿಗ್ಗೆ ಕತ್ತರಿಸಿದರೆ ಐದು ಬೆರಳು ಸಲೀಸು. ಆದರೆ ಬಿಸಿಲಿಗೆ ಒಣಗುತ್ತ ಹಾಳೆ ಮುದುಡುತ್ತದೆ, ಎರಡನೇ ಸಲ ಚಿತ್ರೀಕರಿಸುವಷ್ಟರಲ್ಲಿ ನಿಂಗೆನ್ ಮುಷ್ಟಿ ಬಿಗಿದು ಜಗಳಕ್ಕೆ ನಿಂತಿರುತ್ತದೆ. ಸುಣ್ಣ ಬಳಿಯಬೇಡಿ, ಹೊಂಡ ಮಜ್ಜಿಗೆಯಾಗುತ್ತದೆ.

ಎಲ್ಲರೂ ಸಿಕ್ಕಿಬೀಳುವುದು ನೀರಿನಲ್ಲಿ. ಗೊಂಬೆ ಚಿಕ್ಕದಾಯಿತೆಂದು ನೀರು ಚಿಕ್ಕದಾಗುವುದಿಲ್ಲ. ನಾಲ್ಕಡಿಯ ಗೊಂಬೆ ಎಬ್ಬಿಸುವ ಅಲೆ ಪುಟುಪುಟು ಓಡುತ್ತದೆ, ನೋಡಿದೊಡನೆ ಬಚ್ಚಲ ಹಂಡೆ ನೆನಪಾಗುತ್ತದೆ. ಅಳತೆ 25 ಪಟ್ಟು ಇಳಿದಿದ್ದರೆ ವೇಗವನ್ನು ಅದರ ವರ್ಗಮೂಲದಷ್ಟು, ಅಂದರೆ ಐದು ಪಟ್ಟು, ತಗ್ಗಿಸಬೇಕು. ಮೊಬೈಲಿನ ಸ್ಲೋಮೋಷನ್‌ನಲ್ಲಿ ಸೆಕೆಂಡಿಗೆ 120 ಫ್ರೇಮ್ ಹಿಡಿದು 24ರಲ್ಲಿ ಓಡಿಸಿದರೆ ಲೆಕ್ಕ ಸರಿಹೋಗುತ್ತದೆ. ಹನಿಗೆ ಮಾತ್ರ ಪರಿಹಾರವಿಲ್ಲ. ನಾಲ್ಕು ಮಿಲಿಮೀಟರಿನ ಹನಿ 25 ಪಟ್ಟಾದರೆ 10 ಸೆಂಟಿಮೀಟರ್. ಗೊಂಬೆ ನೀರು ಎರಚಿತೋ, ಅಂಟಾರ್ಕ್ಟಿಕಾದಲ್ಲಿ ಚಕ್ಕೋತದ ಮಳೆ! ಆದ್ದರಿಂದ ಗೊಂಬೆ ಸದ್ದಿಲ್ಲದೆ ಏಳಬೇಕು, ಸದ್ದಿಲ್ಲದೆ ಮುಳುಗಬೇಕು. ಧ್ವನಿಯನ್ನೂ ಕಿತ್ತುಹಾಕಿ. ಜೀರುಂಡೆ, ವಟಗುಟ್ಟುವ ಕಪ್ಪೆ ಎರಡೂ ಆ ಖಂಡದಲ್ಲಿಲ್ಲ.

ಇಷ್ಟು ಮೈಬಗ್ಗಿಸುವವರು ಈಗ ಯಾರಿದ್ದಾರೆ? ಎಐಗೆ ಎರಡು ಸಾಲು ಬರೆದರೆ ಮುಗಿಯಿತು. ಅದು ಒಮ್ಮೊಮ್ಮೆ ದಕ್ಷಿಣದ ಪೆಂಗ್ವಿನ್ ಪಕ್ಕ ಉತ್ತರದ ಹಿಮಕರಡಿಯನ್ನು ಕೂರಿಸಿ ಫೋಟೋ ತೆಗೆಸುತ್ತದೆ, ಅಷ್ಟೇ. ಅದಕ್ಕೂ ಲೈಕ್ ಬರುತ್ತದೆ.

ಸದ್ದು ಬೇಕೇಬೇಕು ಎನ್ನುವವರಿಗೆ 'ಬ್ಲೂಪ್' ಇದೆ. 1997ರಲ್ಲಿ ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾ ಶಾಂತಸಾಗರದಲ್ಲಿ ಇಳಿಬಿಟ್ಟ ಜಲಮೈಕುಗಳು ಒಂದು ಭಾರೀ ಸದ್ದು ಹಿಡಿದವು. ಸುಮಾರು 5000 ಕಿಲೋಮೀಟರ್ ದೂರದವರೆಗೂ ಕೇಳಿಸಿದ ಸದ್ದು. ಜನ ಕೇಳಿ ಬೆಚ್ಚಿದ ಆ 'ಗುಳುಕ್' ವೇಗವನ್ನು 16 ಪಟ್ಟು ಹೆಚ್ಚಿಸಿದ ಪ್ರತಿ. ಜಗಲಿಯಲ್ಲಿ ಮಲಗಿದ ಅಜ್ಜಯ್ಯನ ಗೊರಕೆಯನ್ನು 16 ಪಟ್ಟು ಓಡಿಸಿ ಕೇಳಿ, ಅವರೂ ರಹಸ್ಯಜೀವಿಯೇ. ಕೊನೆಗೆ ಅದು ಅಂಟಾರ್ಕ್ಟಿಕಾದ ಹಿಮ ಬಿರಿದು ಒಡೆಯುವ ಸದ್ದು ಎಂದು ಆ ಸಂಸ್ಥೆಯೇ ಹೇಳಿತು. ಆ ಮಾತನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಅದೇ ನೀರಿನಲ್ಲಿ ನಿಜವಾದ ಭೂತಗಳಿಗೇನು ಬರಗಾಲವೇ? ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲದ, ಕೆಂಪೇ ಇಲ್ಲದ ನೆತ್ತರಿನ ಹಿಮಮೀನು ಸೊನ್ನೆಗಿಂತ ತಣ್ಣನೆಯ ನೀರಲ್ಲಿ ಆರಾಮಾಗಿ ಸಂಸಾರ ಮಾಡುತ್ತಿದೆ. 2007ರಲ್ಲಿ, ಜಪಾನಿನಲ್ಲಿ ನಿಂಗೆನ್ ಅಚ್ಚಾದ ಅದೇ ವರ್ಷ, ರಾಸ್ ಸಮುದ್ರದಲ್ಲಿ ನ್ಯೂಜಿಲೆಂಡಿನ ಮೀನುಗಾರರಿಗೆ 495 ಕೆಜಿಯ 'ಕೊಲೊಸಲ್' ಸ್ಕ್ವಿಡ್ ಸಿಕ್ಕಿತು. ಹತ್ತಿರ ಹತ್ತಿರ ಐದು ಕ್ವಿಂಟಾಲ್, ತೋಳಿನ ತುಂಬ ಕೊಕ್ಕೆ. ಅದರ ಜಾತಿಯದ್ದೊಂದನ್ನು ಅದರ ಮನೆಯಲ್ಲೇ ಜೀವಂತವಾಗಿ ಕ್ಯಾಮೆರಾ ಹಿಡಿದದ್ದು 2025ರಲ್ಲಿ, ಅದೂ 30 ಸೆಂಟಿಮೀಟರಿನ ಮರಿಯನ್ನು. ಗ್ರೂಪಿಗೆ ಹಾಕಿ ನೋಡಿ. ಒಂದು 'ಶುಭೋದಯ' ಬಂದರೆ ನಿಮ್ಮ ಪುಣ್ಯ.

ಕಡೆಯದಾಗಿ, ಸೋಮಾರಿಗಳಿಗೆ ಹೊಂಡವೂ ಬೇಡ, ಹಾಳೆಯೂ ಬೇಡ ಅನ್ನಿಸಬಹುದು. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಹಿನ್ನೀರಿನ ನಡುವೆ ಸತ್ತ ಮರಗಳು ಎದ್ದು ನಿಲ್ಲುತ್ತವೆ. ಬೂದು ಬಿಳಿ ಮೈ, ಮೇಲಕ್ಕೆ ಚಾಚಿದ ಎರಡು ಕೊಂಬೆ, ಮುಖವಿಲ್ಲ. ನಸುಕಿನ ಮಂಜಿನಲ್ಲಿ ದೂರದಿಂದ ತೆಗೆದರೆ ಇದಕ್ಕಿಂತ ಒಳ್ಳೆಯ ನಿಂಗೆನ್ ಜಪಾನಿಗೂ ಸಿಗದು. ಆದರೆ ಇದನ್ನು ಊರ ಗ್ರೂಪಿಗೆ ಮಾತ್ರ ಹಾಕಬೇಡಿ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಅಲ್ಲಿಂದ ಎದ್ದು ಬಂದ ಮನೆಯ ಹಿರಿಯರೊಬ್ಬರು ಇರುತ್ತಾರೆ. ಕನ್ನಡಕ ಏರಿಸಿ, ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ ಬರೆಯುತ್ತಾರೆ: "ಇದು ನಮ್ಮ ಕೊಟ್ಟಿಗೆ ಹಿಂದಿನ ಹೊನ್ನೆ ಮರ ಅಲ್ಲದನಾ?"