ಯಾವ ಖಾತೆ ಸ್ವಾಮಿ?

ಮನೆ ಸಾಲಕ್ಕೆ ಅಂತ ಬ್ಯಾಂಕಿಗೆ ಹೋಗಿದ್ದೆ. "ಖಾತೆ ಇದೆಯಾ?" ಅಂದರು. "15 ವರ್ಷದಿಂದ ಇಲ್ಲೇ ಇದೆಯಲ್ಲ ಸಾರ್" ಅಂತ ಪಾಸ್‌ಬುಕ್ ಮುಂದಿಟ್ಟೆ. ಪಕ್ಕದ ಕೌಂಟರಿನವರು ಕಿಸಕ್ಕನೆ ನಕ್ಕರು. ಕೇಳಿದ್ದು ಸೈಟಿನ ಖಾತೆಯಂತೆ!

ಒಂದೇ ಪದಕ್ಕೆ ಎಷ್ಟು ಕೆಲಸ ಹಚ್ಚೋದು? ಬ್ಯಾಂಕಿನಲ್ಲಿ ಉಳಿತಾಯ ಖಾತೆ, ಶೆಟ್ಟರ ಅಂಗಡಿಯಲ್ಲಿ ಸಾಲದ ಖಾತೆ. ಮಂತ್ರಿಗಳು ಕಿತ್ತಾಡೋದೂ ಖಾತೆಗೇ. ವಿಜ್ಞಾನಕ್ಕೂ ಒಂದು ಖಾತೆ ಇದೆ, ಅದಕ್ಕೆ ಮಾತ್ರ ಯಾರೂ ಜಗಳ ಆಡಲ್ಲ.

ಸೈಟಿನದ್ದಂತೂ ಬೇರೆಯೇ ಲೋಕ. ನಿಯಮದಂತೆ ಇರೋ ಆಸ್ತಿಗೆ ಎ ಖಾತೆ, ಇಲ್ಲದ್ದಕ್ಕೆ ಬಿ ಖಾತೆ, ಈಗ ಕಂಪ್ಯೂಟರಿನಲ್ಲಿ ಸಿಗೋ ಇ-ಖಾತೆ. ಬಿ ಅಂದರೆ ಬ್ಯಾಂಕಿನವರು ಮುಖ ಸಿಂಡರಿಸುತ್ತಾರೆ. ತಮಾಷೆ ಏನಂದರೆ, ಕಾನೂನಿನ ಪ್ರಕಾರ ಖಾತೆ ಒಡೆತನದ ಪತ್ರವೇ ಅಲ್ಲ. ತೆರಿಗೆ ಯಾರು ಕಟ್ಟಬೇಕು ಅನ್ನೋ ಲೆಕ್ಕ ಅಷ್ಟೇ. ಒಡೆತನಕ್ಕೆ ನೋಂದಾಯಿತ ಕ್ರಯಪತ್ರ ಬೇಕು. ಆದರೂ ಅದನ್ನು ತೋರಿಸಿದರೆ "ಖಾತೆ ಎಲ್ರೀ?" ಅಂತಲೇ ಕೇಳುತ್ತಾರೆ.

ಇದನ್ನೆಲ್ಲ ಕೌಂಟರಿನಲ್ಲಿ ವಿವರಿಸಲು ಹೋದೆ. "ಸುಮ್ನೆ ಕ್ಯಾತೆ ತೆಗೀಬೇಡಿ, ಖಾತೆ ತನ್ನಿ" ಅಂದರು.